ರಕೂನ್ ಚಪಾತಿ ತೊಳೆಯುವುದು ಮಡಿಗಾಗಿ ಅಲ್ಲ

ಪ್ರಶ್ನೆ: ನಾವು ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಬೇಸಿಗೆ ಕಳೆಯಲು ಶಿವಮೊಗ್ಗದಿಂದ ಅಮ್ಮ ಬಂದಿದ್ದಾರೆ. ನಮ್ಮ ಹಿತ್ತಲಿನಲ್ಲಿ ಜಗಲಿಯಂಥ ಮರದ ಡೆಕ್ ಕೆಳಗೆ ಒಂದು ರಕೂನ್ (ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದಲ್ಲಿ ಉಂಗುರಗಳಿರುವ ಇಲ್ಲಿನ ಕಾಡುಪ್ರಾಣಿ) ಮರಿ ಹಾಕಿದೆ. ಅಮ್ಮ ದಿನಾ ಅದಕ್ಕೆ ಚಪಾತಿ ಚೂರು ಇಡುತ್ತಾರೆ. ಅದು ಹಕ್ಕಿಗಳಿಗೆ ಇಟ್ಟ ನೀರಿನ ತಟ್ಟೆಯಲ್ಲಿ ಚಪಾತಿ ಅದ್ದಿ, ಉಜ್ಜಿ ಉಜ್ಜಿ ತಿನ್ನುತ್ತದೆ. "ನೋಡೇ, ಎಷ್ಟು ಮಡಿ ಇದಕ್ಕೆ!" ಅಂತ ಅಮ್ಮನಿಗೆ ಸಂಭ್ರಮ. ಪಕ್ಕದ ಮನೆಯವರು ಮಾತ್ರ ಹಗಲಲ್ಲಿ ಓಡಾಡುವ ರಕೂನ್‌ಗೆ ರೇಬೀಸ್ ಇರುವುದು ಗ್ಯಾರಂಟಿ ಎನ್ನುತ್ತಾರೆ. ಮಗಳು ಒಂದು ಮರಿ ಸಾಕೋಣ ಅಂತ ಹಠ ಹಿಡಿದಿದ್ದಾಳೆ. ಊಟ ಹಾಕಬಹುದಾ? ಓಡಿಸಬೇಕಾ? ಚಳಿಗಾಲದಲ್ಲಿ ಇವು ಏನು ಮಾಡುತ್ತವೆ?

ಉತ್ತರ: ಮೊದಲು ಅಮ್ಮನ ಮಡಿ ವಿಷಯಕ್ಕೇ ಬರುತ್ತೇನೆ. ಅಮ್ಮ ನೋಡಿದ್ದು ಸರಿಯಾಗಿಯೇ ಇದೆ. ಅರ್ಥ ಮಾತ್ರ ಬೇರೆ.

ಹೀಗೆ ಅಂದುಕೊಂಡವರು ನಿಮ್ಮ ಅಮ್ಮ ಒಬ್ಬರೇ ಅಲ್ಲ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಈ ಪ್ರಾಣಿಗೆ ಇಟ್ಟ ಹೆಸರಿನ ಅರ್ಥವೇ "ತೊಳೆಯುವ ಕರಡಿ". ಇದು ಕರಡಿ ಅಲ್ಲ ಅಂತ ಆಮೇಲೆ ಗೊತ್ತಾಗಿ ಕುಲದ ಹೆಸರು ಬದಲಾಯಿತು. ಆದರೆ ತೊಳೆಯುವವ ಎಂಬ ಅರ್ಥದ "ಲೋಟರ್" ವೈಜ್ಞಾನಿಕ ಹೆಸರಿನಲ್ಲಿ ಹಾಗೇ ಉಳಿಯಿತು. ಇವತ್ತಿಗೂ ಇದು ಪ್ರೊಸಿಯಾನ್ ಲೋಟರ್. ಜರ್ಮನ್ನರು, ಜಪಾನಿಯರು, ಚೀನೀಯರು ಕೂಡ ತಮ್ಮ ತಮ್ಮ ಭಾಷೆಯಲ್ಲಿ ತೊಳೆಯುವ ಕರಡಿ ಅಂತಲೇ ಕರೆಯುತ್ತಾರೆ. ಸರಿಯಾದ ಹೆಸರಿಟ್ಟವರು ಇದರ ಜೊತೆ ತಲೆತಲಾಂತರದಿಂದ ಬದುಕಿದ ಮೂಲನಿವಾಸಿಗಳು. ರಕೂನ್ ಅನ್ನುವುದು ವರ್ಜೀನಿಯಾದ ಪೊವಾಟನ್ ಜನರ ಮಾತಿನಿಂದ ಬಂದ ಪದ. ಕೈಯಿಂದ ಉಜ್ಜುವ, ಕೆರೆಯುವ ಪ್ರಾಣಿ ಅಂತ ಅದರ ಅರ್ಥ. ಆ ಹೆಸರಿನಲ್ಲಿ ನೀರಿಲ್ಲ, ಕೈ ಇದೆ. ರಕೂನ್‌ನ ಬದುಕು ಇರುವುದೂ ಆ ಕೈಯಲ್ಲೇ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಸಂಜೆ, ನಿಮ್ಮೂರಿನಲ್ಲೇ ಹರಿಯುವ ಕ್ರೆಡಿಟ್ ನದಿಯ ದಡದಲ್ಲಿ ಕೂತಿದ್ದೆ. ಗಂಟೆ ಒಂಬತ್ತು ದಾಟಿದ್ದರೂ ಸ್ವಲ್ಪ ಬೆಳಕಿತ್ತು. ಹತ್ತು ಮಾರು ದೂರದಲ್ಲಿ ಒಂದು ರಕೂನ್ ಹೊಟ್ಟೆ ಮುಟ್ಟುವಷ್ಟು ನೀರಿಗೆ ಇಳಿಯಿತು. ಎರಡೂ ಕೈ ನೀರೊಳಗೆ ಹಾಕಿ ಕಲ್ಲಿನ ಸಂದಿ ತಡಕತೊಡಗಿತು. ಆದರೆ ಅದು ನೀರಿನ ಕಡೆ ನೋಡುತ್ತಲೇ ಇರಲಿಲ್ಲ! ತಲೆ ಎತ್ತಿ ಆಚೆ ದಡದ ಮರಗಳನ್ನು ನೋಡುತ್ತಿತ್ತು. ನಮ್ಮ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರನ್ನು ನೋಡಿದ್ದೀರಲ್ಲ, ಕಣ್ಣು ಗಿರಾಕಿಯ ಮೇಲೆ, ಬೆರಳು ದಾರದ ಮೇಲೆ. ಥೇಟ್ ಹಾಗೇ. ಇದ್ದಕ್ಕಿದ್ದಂತೆ ಭುಜ ಬಿಗಿಯಿತು. ಕೈ ಮೇಲೆ ಬಂದಾಗ ಅದರಲ್ಲಿ ಸೀಗಡಿಯ ಹಾಗಿರುವ ಒಂದು ಕ್ರೇಫಿಶ್ ಒದ್ದಾಡುತ್ತಿತ್ತು. ಅದನ್ನು ಎರಡು ಅಂಗೈ ನಡುವೆ ಇಟ್ಟು ಹೊಸೆಯಿತು, ದೀಪದ ಬತ್ತಿ ಹೊಸೆದ ಹಾಗೆ. ಆಮೇಲೆ ತಲೆ ಕಡೆಯಿಂದ ಕಚ್ಚಿತು.

ಮಲೆನಾಡಿನ ಹಳ್ಳದಲ್ಲಿ ಕಲ್ಲಿನಡಿ ಕೈ ಹಾಕಿ ಏಡಿ ಹಿಡಿಯುವುದನ್ನು ನಿಮ್ಮ ಅಮ್ಮ ಕಂಡಿರುತ್ತಾರೆ. ರಕೂನ್ ಮಾಡುವುದು ಅದೇ ಕೆಲಸ. ಕತ್ತಲು, ಕೆಸರು ನೀರು, ಕಲ್ಲಿನ ಸಂದಿ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲ ಕೈಯದೇ.

ಆ ಕೈ ಎಂಥದ್ದು ಅಂದರೆ, ಐದು ಉದ್ದ ಬೆರಳು, ಕೂದಲಿಲ್ಲದ ಅಂಗೈ, ಉಗುರಿನ ಬುಡದಲ್ಲಿ ಮೀಸೆಯಂಥ ಸೂಕ್ಷ್ಮ ಕೂದಲು. ವಸ್ತುವನ್ನು ಪೂರ್ತಿ ಮುಟ್ಟುವ ಮೊದಲೇ ಆ ಕೂದಲು ಸುದ್ದಿ ಕೊಡುತ್ತದೆ. ಮಿದುಳಿನ ಹೊರಪದರದಲ್ಲಿ ಇಂದ್ರಿಯಗಳ ಸುದ್ದಿ ಓದುವ ಜಾಗವಿದೆಯಲ್ಲ, ರಕೂನ್‌ನಲ್ಲಿ ಅದರ ಸುಮಾರು ಮೂರನೇ ಎರಡು ಪಾಲು ಸ್ಪರ್ಶಕ್ಕೇ ಮೀಸಲು. ನಮ್ಮ ಹಾಗೆ ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಎದುರಾಗಿ ತರಲು ಇದಕ್ಕೆ ಬರುವುದಿಲ್ಲ. ಅದಕ್ಕೇ ಒಂದು ಕೈಯಲ್ಲಿ ಹಿಡಿಯುವ ಬದಲು ಎರಡೂ ಕೈ ಜೋಡಿಸಿ ಹಿಡಿಯುತ್ತದೆ. ನೋಡಿದವರಿಗೆ ಕೈ ಮುಗಿದ ಹಾಗೆ ಕಾಣುತ್ತದೆ.

ಒದ್ದೆಯಾದಾಗ ಅಂಗೈ ಚರ್ಮ ಮೆತ್ತಗಾಗಿ ನರಗಳು ಇನ್ನಷ್ಟು ಚುರುಕಾಗುತ್ತವೆ. ಹಾಗಾಗಿ ನೀರಿನಲ್ಲಿ ಮುಟ್ಟಿದರೆ ವಸ್ತು ಇನ್ನೂ ಚೆನ್ನಾಗಿ "ಕಾಣುತ್ತದೆ". ಚಪಾತಿ ಅದ್ದುವುದಕ್ಕೆ ಇದೊಂದು ಕಾರಣ ಇರಬಹುದು. ಇನ್ನೊಂದು ಕಾರಣ ಹಳೇ ರೂಢಿ. ಬೋನಿನಲ್ಲಿರುವ ರಕೂನ್‌ಗಳು ಹೊಳೆಯಂಥ ನೀರಿನ ಜಾಗ ಮೂರು ಮೀಟರ್ ಒಳಗಿದ್ದರೆ ಜಾಸ್ತಿ ಅದ್ದುತ್ತವೆ ಅಂತ ಕಂಡುಬಂದಿದೆ. ನೀರಿನಲ್ಲಿ ಸಿಗುವಂಥ ಆಹಾರವನ್ನು ಇನ್ನೂ ಹೆಚ್ಚು ಅದ್ದುತ್ತವೆ. ಆದರೆ ಮಣ್ಣಾದ ಆಹಾರವನ್ನು ಹೆಚ್ಚು ತೊಳೆಯುತ್ತವಾ ಅಂದರೆ, ಇಲ್ಲ. ಹಿಡಿದು ತಿನ್ನಬೇಕಾದ ಏಡಿ, ಕಪ್ಪೆ ಇಲ್ಲದಿದ್ದರೂ ಕೈ ತನ್ನ ಕೆಲಸ ಬಿಡುವುದಿಲ್ಲ. ರಕೂನ್ ಬಾಯಲ್ಲಿ ಜೊಲ್ಲು ಇಲ್ಲ, ಅದಕ್ಕೇ ಒದ್ದೆ ಮಾಡುತ್ತದೆ ಅನ್ನುವ ಮಾತೂ ಕೇಳಿರಬಹುದು. ಅದು ಸುಳ್ಳು.

ಈಗ ಹಗಲಲ್ಲಿ ಓಡಾಡುವುದರ ವಿಚಾರ. ನಿಮ್ಮ ನೆರೆಯವರು ಹೆದರುವುದರಲ್ಲಿ ತಪ್ಪಿಲ್ಲ. ಆದರೆ ಗ್ಯಾರಂಟಿ ಅನ್ನುವುದು ತಪ್ಪು. ನಿಮ್ಮ ಡೆಕ್ ಕೆಳಗಿರುವುದು ಒಬ್ಬ ಬಾಣಂತಿ. ರಕೂನ್‌ಗಳು ಜೋಡಿಯಾಗುವುದು ಚಳಿಗಾಲದ ಕೊನೆಯಲ್ಲಿ. ಸುಮಾರು 63 ದಿನಕ್ಕೆ, ಅಂದರೆ ಏಪ್ರಿಲ್ ಅಥವಾ ಮೇ ಹೊತ್ತಿಗೆ, ಮೂರರಿಂದ ಐದು ಮರಿ ಹುಟ್ಟುತ್ತವೆ. ಒಂದೊಂದು ಮರಿ 60ರಿಂದ 75 ಗ್ರಾಂ, ಅಂದರೆ ಒಂದು ದೊಡ್ಡ ಕೋಳಿಮೊಟ್ಟೆಯಷ್ಟು ತೂಕ. ಕಣ್ಣು ಬಿಡಲು ಸುಮಾರು ಮೂರು ವಾರ ಬೇಕು. ಗಂಡು ತಿರುಗಿ ನೋಡುವುದಿಲ್ಲ. ಹಾಲೂಡಿಸುವುದು, ಕಾಯುವುದು, ಬೆಚ್ಚಗಿಡುವುದು ಎಲ್ಲ ತಾಯಿಯದೇ. ಅಷ್ಟು ಮರಿಗಳಿಗೆ ಹಾಲು ಬರಬೇಕಾದರೆ ರಾತ್ರಿ ತಿಂದದ್ದು ಸಾಕಾಗುವುದಿಲ್ಲ. ಮರಿಗಳು ಮಲಗಿರುವಾಗ ಮಟಮಟ ಮಧ್ಯಾಹ್ನವೇ ಹೊರಗೆ ಬರುತ್ತದೆ. ಮೇ, ಜೂನ್‌ನಲ್ಲಿ ಹಗಲಲ್ಲಿ ಕಾಣುವ ರಕೂನ್‌ಗಳಲ್ಲಿ ಇಂಥ ತಾಯಂದಿರು ಬಹಳ.

ಕಾಯಿಲೆ ಬಿದ್ದದ್ದು ಬೇರೆ ಥರ ಕಾಣುತ್ತದೆ. ತೂರಾಡುತ್ತದೆ. ಸುತ್ತಿದಲ್ಲೇ ಸುತ್ತುತ್ತದೆ. ಹಿಂಗಾಲು ಎಳೆಯುತ್ತದೆ. ಹತ್ತಿರ ಹೋದರೂ ಕದಲುವುದಿಲ್ಲ. ಕಣ್ಣು, ಮೂಗಿನಲ್ಲಿ ಪಿಸುರು, ಕೀವು. ಇದರಲ್ಲಿ ಬಹಳಷ್ಟು ಡಿಸ್ಟೆಂಪರ್ ಎಂಬ ಬೇರೆ ರೋಗ. ಅದು ಮನುಷ್ಯರಿಗೆ ಬರುವುದಿಲ್ಲ, ಲಸಿಕೆ ಹಾಕಿಸದ ನಾಯಿಗೆ ಬರುತ್ತದೆ. ಆದರೆ ದೂರದಿಂದ ನೋಡಿ ಅದು ಡಿಸ್ಟೆಂಪರೋ ರೇಬೀಸೋ ಅಂತ ಹೇಳಲು ನನ್ನಿಂದಲೂ ಆಗುವುದಿಲ್ಲ. ಅಂಥದ್ದು ಕಂಡರೆ ಮಕ್ಕಳನ್ನು ಒಳಗೆ ಕರೆದು ನಗರದ ಪ್ರಾಣಿ ವಿಭಾಗಕ್ಕೆ ಫೋನ್ ಮಾಡಿ.

ರೇಬೀಸ್ ನಿಜಕ್ಕೂ ಇದೆ. ರಕೂನ್‌ಗಳಲ್ಲೇ ಹರಡುವ ರೇಬೀಸ್ ತಳಿ ಅಮೆರಿಕದ ಫ್ಲಾರಿಡಾ ಕಡೆಯದ್ದು. 1970ರ ದಶಕದಲ್ಲಿ ಬೇಟೆಗಾಗಿ ದಕ್ಷಿಣದಿಂದ ರಕೂನ್‌ಗಳನ್ನು ಹಿಡಿದು ಮೇಲಿನ ರಾಜ್ಯಗಳಿಗೆ ತಂದು ಬಿಟ್ಟರು. ರೋಗವೂ ಜೊತೆಗೆ ಬಂತು. 1999ರಲ್ಲಿ ನಿಮ್ಮ ಪ್ರಾಂತ್ಯ ಒಂಟಾರಿಯೊವನ್ನು ಮುಟ್ಟಿತು. ಲಸಿಕೆ ತುಂಬಿದ ತಿನಿಸನ್ನು ವಿಮಾನದಿಂದ ಮತ್ತು ಕೈಯಿಂದ ಹಂಚಿ, 2005ರ ಹೊತ್ತಿಗೆ ರೋಗವನ್ನು ಅಲ್ಲಿಂದ ತೊಲಗಿಸಿದರು. 2015ರ ಡಿಸೆಂಬರ್‌ನಲ್ಲಿ ನಿಮಗೆ ಹತ್ತಿರದ ಹ್ಯಾಮಿಲ್ಟನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ತಿರುಗಿ ಅದೇ ಕೆಲಸ ಶುರುವಾಯಿತು. ಕಾಡಂಚಿನಲ್ಲಿ ಖಾಕಿ ಹಸಿರಿನ ಸಣ್ಣ ಪೊಟ್ಟಣ ಬಿದ್ದಿರುವುದು ಕಂಡರೆ ಮುಟ್ಟದೆ ಬಿಡಿ. ವೆನಿಲಾ ಮಾರ್ಷ್‌ಮೆಲ್ಲೊ ವಾಸನೆಯ ಆ ತಿನಿಸು ರಕೂನ್‌ಗಳ ಲಸಿಕೆ. ಎಷ್ಟು ಜನರ ದುಡಿಮೆ ಅದರ ಹಿಂದಿದೆ!

ಅಕಸ್ಮಾತ್ ಕಚ್ಚಿದರೆ, ಪರಚಿದರೆ ತಡ ಮಾಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಹುಚ್ಚುನಾಯಿ ಕಚ್ಚಿದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ರೋಗದ ಲಕ್ಷಣ ಶುರುವಾದ ಮೇಲೆ ಉಳಿಸುವುದು ಹೆಚ್ಚುಕಡಿಮೆ ಆಗದ ಮಾತು. ಅದಕ್ಕೆ ಮೊದಲೇ ಲಸಿಕೆ ಬಿದ್ದರೆ ಭಯವಿಲ್ಲ.

ನಿಮ್ಮ ಮನೆಯಲ್ಲಿ ಚಿಕ್ಕ ಹುಡುಗಿ ಇರುವುದರಿಂದ ರೇಬೀಸ್‌ಗಿಂತ ಮೊದಲು ಇನ್ನೊಂದು ವಿಷಯ ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ರಕೂನ್‌ಗಳು ಸಿಕ್ಕಸಿಕ್ಕಲ್ಲಿ ಹೇಲುವುದಿಲ್ಲ. ಒಂದು ಜಾಗ ಗೊತ್ತು ಮಾಡಿಕೊಂಡು ಅಲ್ಲಿಗೇ ಮತ್ತೆ ಮತ್ತೆ ಬರುತ್ತವೆ. ಮರದ ಬುಡ, ಸೌದೆ ರಾಶಿ, ಡೆಕ್‌ನ ಮೂಲೆ, ಮಾಡಿನ ಮೇಲೆ, ಹೀಗೆ. ಆ ಹೊಲಸಿನಲ್ಲಿ ಒಂದು ಬಗೆಯ ಜಂತುಹುಳದ ಮೊಟ್ಟೆ ಇರಬಹುದು. ಅದು ಮನುಷ್ಯರ ಹೊಟ್ಟೆಗೆ ಹೋದರೆ ಮರಿಹುಳ ಕಣ್ಣು, ಮಿದುಳಿನವರೆಗೂ ಹೋಗಬಲ್ಲದು. ಹಾಗಾಗುವುದು ಅಪರೂಪ. ಆದರೆ ಮಣ್ಣಲ್ಲಿ ಆಡಿ ಬಾಯಿಗೆ ಕೈ ಹಾಕುವ ಮಕ್ಕಳಿಗೆ ಅಪಾಯ ಜಾಸ್ತಿ. ಮೊಟ್ಟೆ ಅಂಟುವ ಸ್ಥಿತಿಗೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಆದ್ದರಿಂದ ಕಂಡ ಕೂಡಲೇ ತೆಗೆಯಿರಿ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಒಣಗಿದ್ದನ್ನು ಪೊರಕೆಯಿಂದ ಗುಡಿಸಬೇಡಿ, ದೂಳು ಏಳುತ್ತದೆ. ಸ್ವಲ್ಪ ನೀರು ಚಿಮುಕಿಸಿ ಸಲಿಕೆಯಿಂದ ಬಾಚಿ, ಆಮೇಲೆ ಕುದಿಯುವ ನೀರು ಸುರಿಯಿರಿ. ಬ್ಲೀಚ್ ಹಾಕಿದರೆ ಈ ಮೊಟ್ಟೆ ಸಾಯುವುದಿಲ್ಲ, ಬಿಸಿಯೇ ಬೇಕು. ಹಕ್ಕಿಗಳ ನೀರಿನ ತಟ್ಟೆಯನ್ನು ಸದ್ಯಕ್ಕೆ ಎತ್ತಿಡಿ. ಮರಿಗಳು ಹೋದ ಮೇಲೆ ಕುದಿಯುವ ನೀರಿನಲ್ಲಿ ತೊಳೆದು ಮತ್ತೆ ಇಡಬಹುದು.

ಹಾಗಾದರೆ ಚಪಾತಿ? ಬೇಡ. ಅಮ್ಮನಿಗೆ ಇದನ್ನು ಹೇಳುವುದು ಕಷ್ಟ, ನನಗೆ ಗೊತ್ತು. ಮನೆ ಬಾಗಿಲಿಗೆ ಬಂದ ಬಾಣಂತಿಗೆ ಇಲ್ಲ ಅನ್ನುವ ರೂಢಿ ನಮ್ಮದಲ್ಲ. ಆದರೆ ಇದಕ್ಕೆ ಊಟದ ಕೊರತೆ ಇಲ್ಲ. ಎರೆಹುಳ, ಗೊಣ್ಣೆ ಹುಳು, ಕಪ್ಪೆ, ಮೊಟ್ಟೆ, ಕಾಡುಹಣ್ಣು, ಓಕ್ ಮರದ ಬೀಜ, ಎಲ್ಲವೂ ಇದಕ್ಕೆ ಆಹಾರ. ಹುಲ್ಲುಹಾಸನ್ನು ಚಾಪೆ ಸುತ್ತಿದ ಹಾಗೆ ಸುತ್ತಿಟ್ಟಿರುವುದನ್ನು ಶರತ್ಕಾಲದಲ್ಲಿ ನೀವು ನೋಡಬಹುದು. ಅಡಿಯ ಗೊಣ್ಣೆ ಹುಳು ಹೆಕ್ಕಲು ರಕೂನ್ ಮಾಡುವ ಕೆಲಸ ಅದು. ಇಲ್ಲಿನ ರೈತರನ್ನು ಕೇಳಿ ನೋಡಿ. ಜೋಳದ ತೆನೆ ಹಾಲುಗಾಳಾಗಿ ನಾಳೆ ಮುರಿಯೋಣ ಅಂದುಕೊಂಡ ಹಿಂದಿನ ರಾತ್ರಿಯೇ ಬಂದು ಮುರಿಯುತ್ತವೆ ಅಂತ ಹೇಳುತ್ತಾರೆ.

ನಾವು ಊಟ ಹಾಕಿದರೆ ಆಗುವುದು ಇಷ್ಟು. ಒಂದು ಬಂದ ಕಡೆ ಏಳೆಂಟು ಬರುತ್ತವೆ. ಒಂದೇ ತಟ್ಟೆಗೆ ಹತ್ತು ಮೂತಿ ಬಿದ್ದರೆ ಡಿಸ್ಟೆಂಪರ್ ಹರಡುವುದು ಸುಲಭ. ಎರಡನೆಯದು, ತಾಯಿ ಹೋದಲ್ಲಿ ಮರಿ ಹೋಗುತ್ತದೆ. ಮನುಷ್ಯರ ಬಾಗಿಲು ಅಂದರೆ ಊಟ ಅಂತ ಈ ಬೇಸಿಗೆಯಲ್ಲಿ ಕಲಿತ ಮರಿ ಮುಂದಿನ ವರ್ಷ ಯಾರದೋ ಅಡುಗೆಮನೆಯ ಜಾಲರಿ ಹರಿಯುತ್ತದೆ. ಆ ಮನೆಯವರು ನಿಮ್ಮ ಅಮ್ಮನಷ್ಟು ಮೃದು ಇರುವುದಿಲ್ಲ. ಮನುಷ್ಯರ ಭಯ ಬಿಟ್ಟ ಎಷ್ಟೋ ರಕೂನ್‌ಗಳು ಕೊನೆಗೆ ಬೋನು ಸೇರಿ ಸತ್ತಿದ್ದನ್ನು ನಾನು ನೋಡಿದ್ದೇನೆ. ಪಕ್ಕದ ಟೊರೊಂಟೊದಲ್ಲಂತೂ 2023ರಿಂದ ಕಾಡುಪ್ರಾಣಿಗೆ ನಮ್ಮ ಸ್ವಂತ ಹಿತ್ತಲಿನಲ್ಲೂ ಊಟ ಹಾಕುವ ಹಾಗಿಲ್ಲ. ನಿಮ್ಮ ನಗರದ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ಈ ಪ್ರಾಣಿಯ ಕಲಿಯುವ ಶಕ್ತಿಯನ್ನು ಕಡಿಮೆ ಅಂದುಕೊಳ್ಳಬೇಡಿ. 1907ರಲ್ಲೇ ಅಮೆರಿಕದಲ್ಲಿ ಎಚ್. ಬಿ. ಡೇವಿಸ್ ಎಂಬವರು ರಕೂನ್‌ಗಳ ಮುಂದೆ ಬಗೆಬಗೆಯ 13 ಅಗುಳಿಗಳನ್ನು ಇಟ್ಟರು. ಅವುಗಳಲ್ಲಿ 11 ಅಗುಳಿಗಳನ್ನು ಹತ್ತು ಸಲಕ್ಕಿಂತ ಕಡಿಮೆ ಪ್ರಯತ್ನದಲ್ಲಿ ತೆಗೆದವು. ಒಮ್ಮೆ ಕಲಿತದ್ದನ್ನು ಮೂರು ವರ್ಷವಾದರೂ ಮರೆಯುವುದಿಲ್ಲ ಅಂತ ಆಮೇಲಿನ ಪರೀಕ್ಷೆಗಳು ತೋರಿಸಿವೆ. ಕಾಗೆ ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತಂದ ಕಥೆ ನಿಮ್ಮ ಮಗಳಿಗೂ ಗೊತ್ತಿರುತ್ತದೆ, ಅಲ್ವಾ? ಅದೇ ಪರೀಕ್ಷೆಯನ್ನು ವಯೋಮಿಂಗ್ ವಿಶ್ವವಿದ್ಯಾಲಯದವರು ಎಂಟು ರಕೂನ್‌ಗಳಿಗೆ ಕೊಟ್ಟರು. ಉದ್ದ ಕೊಳವೆಯ ತಳದಲ್ಲಿ ಸ್ವಲ್ಪ ನೀರು, ಅದರ ಮೇಲೆ ತೇಲುವ ಮಾರ್ಷ್‌ಮೆಲ್ಲೊ. 2017ರಲ್ಲಿ ಫಲಿತಾಂಶ ಹೊರಬಂತು. ಎರಡು ರಕೂನ್‌ಗಳು ಕಾಗೆಯ ಹಾಗೆ ಕಲ್ಲು ಹಾಕಲು ಕಲಿತವು. ಮೂರನೆಯದೊಂದು ಕಲ್ಲಿನ ತಂಟೆಗೇ ಹೋಗದೆ, ಮೇಲಕ್ಕೆ ಹತ್ತಿ ಅಲ್ಲಾಡಿಸಿ ಅಲ್ಲಾಡಿಸಿ ಕೊಳವೆಯನ್ನೇ ಉರುಳಿಸಿ ತಿಂದಿತು. ಈ ಮೂರನೆಯದರ ಕಥೆ ಓದಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಎರಡು ದಿನ ಸಿಕ್ಕವರಿಗೆಲ್ಲ ಹೇಳಿದೆ.

ಟೊರೊಂಟೊ ನಗರ 2016ರಲ್ಲಿ ತಿರುಗಿಸುವ ಬೀಗವಿರುವ ಹೊಸ ಹಸಿರು ಕಸದ ಡಬ್ಬಿಗಳನ್ನು ಮನೆಮನೆಗೆ ಕೊಡತೊಡಗಿತು. ಯೋಜನೆಗೆ ಸುಮಾರು 3.1 ಕೋಟಿ ಕೆನಡಾ ಡಾಲರ್. ಯಾರ್ಕ್ ವಿಶ್ವವಿದ್ಯಾಲಯದ ಸುಝಾನ್ ಮ್ಯಾಕ್‌ಡೊನಾಲ್ಡ್ ಅವರು ಮೊದಲೇ ರಕೂನ್‌ಗಳ ಮುಂದಿಟ್ಟು ಪರೀಕ್ಷಿಸಿದ್ದರು. ಹೆಚ್ಚಿನವಕ್ಕೆ ತೆರೆಯಲಾಗಲಿಲ್ಲ. ಆದರೂ ಡಬ್ಬಿಯನ್ನು ಕೆಡವಿ ಬೀಗ ತಿರುಗಿಸಲು ಕಲಿತ ಕೆಲವು 2018ರಲ್ಲಿ ಸುದ್ದಿಯಾದವು. ಇದೇ ಸುಝಾನ್ ಅವರು ನಗರದ ರಕೂನ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದ್ದಾರೆ. ಒಂದು ಪ್ರಾಣಿ ತನ್ನ ಕೆಲವೇ ಬೀದಿಗಳನ್ನು ಬಿಟ್ಟು ಹೋಗುವುದಿಲ್ಲ, ದೊಡ್ಡ ರಸ್ತೆಯನ್ನು ಸಾಮಾನ್ಯವಾಗಿ ದಾಟುವುದೂ ಇಲ್ಲ. ನಿಮ್ಮ ರಕೂನ್‌ಗೂ ನಿಮ್ಮ ಬಡಾವಣೆಯೇ ಪ್ರಪಂಚ.

ಆದ್ದರಿಂದ ಹಿಡಿಸಿ ದೂರ ಬಿಡಿಸುವ ಯೋಚನೆ ಇದ್ದರೆ ಕೈಬಿಡಿ. ಒಂಟಾರಿಯೊದ ಕಾನೂನಿನ ಪ್ರಕಾರ ಹಿಡಿದ ಜಾಗದಿಂದ ಒಂದು ಕಿಲೋಮೀಟರಿಗಿಂತ ಆಚೆ ಬಿಡುವ ಹಾಗಿಲ್ಲ. ಗೊತ್ತಿಲ್ಲದ ಜಾಗದಲ್ಲಿ ನೀರೆಲ್ಲಿ, ಗೂಡೆಲ್ಲಿ ಅಂತ ತಿಳಿಯದೆ ಅದು ಒದ್ದಾಡುತ್ತದೆ. ಇಲ್ಲಿ ಡೆಕ್ ಕೆಳಗೆ ಮರಿಗಳು ತಾಯಿಯಿಲ್ಲದೆ ಸಾಯುತ್ತವೆ.

ಮರಿ ಸಾಕುವ ಮಾತು. ಮಗಳಿಗೆ ಅಮೆರಿಕದ ಅಧ್ಯಕ್ಷ ಕೂಲಿಜ್ ಕಥೆ ಹೇಳಿ. 1926ರಲ್ಲಿ ಹಬ್ಬದ ಅಡುಗೆಗೆ ಅಂತ ಯಾರೋ ಅವರಿಗೊಂದು ರಕೂನ್ ಕಳಿಸಿದರು. ಅವರು ಕೊಲ್ಲಲಿಲ್ಲ. ರೆಬೆಕಾ ಅಂತ ಹೆಸರಿಟ್ಟು ಶ್ವೇತಭವನದಲ್ಲೇ ಸಾಕಿದರು. ಕೊನೆಗೆ ಅದನ್ನೂ ಮೃಗಾಲಯಕ್ಕೆ ಕೊಡಬೇಕಾಯಿತು. ಜಪಾನಿನಲ್ಲಿ 1977ರಲ್ಲಿ ರಕೂನ್ ಮರಿಯ ಕಾರ್ಟೂನ್ ಸರಣಿಯೊಂದು ಟಿವಿಯಲ್ಲಿ ಬಂತು. ಮಕ್ಕಳೆಲ್ಲ ರಕೂನ್ ಬೇಕು ಅಂದರು. ಸಾವಿರಗಟ್ಟಲೆ ತರಿಸಿದರು. ಒಂದು ವರ್ಷಕ್ಕೆ ಮರಿ ದೊಡ್ಡದಾಗಿ ಕಚ್ಚತೊಡಗಿದಾಗ ಕಾಡಿಗೆ ಬಿಟ್ಟರು. ಈಗ ಅಲ್ಲಿನ ಹೊಲ, ಹಳೇ ದೇವಾಲಯಗಳ ಮರದ ಕಂಬ ಎಲ್ಲಕ್ಕೂ ಅದರ ಉಗುರು. ಜರ್ಮನಿಯಲ್ಲಿ 1934ರಲ್ಲಿ ಎಡರ್‌ಸೀ ಸರೋವರದ ಬಳಿ ಬಿಟ್ಟದ್ದು ಎರಡೇ ಜೋಡಿ. ಇವತ್ತು ಅಲ್ಲಿ ಲಕ್ಷಗಟ್ಟಲೆ ಇವೆ. ಅದಕ್ಕೇ ನಿಮ್ಮ ಡೆಕ್ ಕೆಳಗಿನ ಮರಿಗೆ ಅದರ ತಾಯಿಯೇ ಸರಿ.

ತಾಯಿ ಮರಿಗಳನ್ನು ಹೇಗೆ ಬೆಳೆಸುತ್ತದೆ ಅನ್ನುವುದನ್ನು ಮಗಳಿಗೆ ಕಿಟಕಿಯಿಂದ ತೋರಿಸಿ. ಎರಡು ತಿಂಗಳು ತುಂಬಿದ ಮೇಲೆ ಮರಿಗಳು ಅಮ್ಮನ ಹಿಂದೆ ಸಾಲಾಗಿ ಹೊರಡುತ್ತವೆ. ಹಕ್ಕಿಯ ಚಿಲಿಪಿಲಿಯಂತೆ ಅವುಗಳ ದನಿ. ಅಮ್ಮ ಗುರ್ ಅಂದ ತಕ್ಷಣ ಮರ ಏರುತ್ತವೆ. ಇಳಿಯುವಾಗ ನೋಡಿ, ಅಳಿಲಿನ ಹಾಗೆ ತಲೆ ಕೆಳಗೆ ಮಾಡಿ ಇಳಿಯುತ್ತವೆ. ಹಿಂಗಾಲಿನ ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಲು ಇವಕ್ಕೆ ಬರುತ್ತದೆ. 2018ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್ ನಗರದಲ್ಲಿ ಒಂದು ರಕೂನ್ 25 ಮಹಡಿಯ ಕಟ್ಟಡದ ಗೋಡೆಯನ್ನೇ ಹತ್ತಿಬಿಟ್ಟಿತ್ತು. ನಡುನಡುವೆ ಕಿಟಕಿಯ ಅಂಚಿನಲ್ಲಿ ಮಲಗಿ, ಎದ್ದು, ನಡುರಾತ್ರಿ ಕಳೆದ ಮೇಲೆ ತುದಿ ಮುಟ್ಟಿತು. ಮೇಲೆ ಬೆಕ್ಕಿನ ತಿನಿಸು ಇಟ್ಟು ಹಿಡಿದು, ಕ್ಷೇಮವಾಗಿ ಬಿಟ್ಟರು.

ಚಳಿಗಾಲದಲ್ಲಿ ಇವು ಊರು ಬಿಡುವುದಿಲ್ಲ. ಕರಡಿಯ ಹಾಗೆ ತಿಂಗಳುಗಟ್ಟಲೆ ಒಂದೇ ಸಮ ಮಲಗುವುದೂ ಇಲ್ಲ. ಶರತ್ಕಾಲದಲ್ಲಿ ತಿಂದು ತಿಂದು ದಪ್ಪಗಾಗುತ್ತವೆ. ಭಾರೀ ಹಿಮ ಬಿದ್ದ ವಾರಗಳಲ್ಲಿ ಪೊಟರೆಯಲ್ಲೋ, ಯಾರದೋ ಅಟ್ಟದಲ್ಲೋ ಮುದುಡಿ ಮಲಗುತ್ತವೆ. ಹಿಮ ಕರಗಿದ ರಾತ್ರಿ ಎದ್ದು ಹೊರಗೆ ಬರುತ್ತವೆ. ವಸಂತದ ಹೊತ್ತಿಗೆ ಕೆಲವು ತಮ್ಮ ತೂಕದ ಅರ್ಧದಷ್ಟು ಕಳೆದುಕೊಂಡಿರುತ್ತವೆ. ಮಿನ್ನೆಸೋಟದಲ್ಲೇ ಒಂದು ಚಳಿಗಾಲದ ಗೂಡಿನಲ್ಲಿ 23 ರಕೂನ್‌ಗಳು ಒಟ್ಟಿಗೆ ಮಲಗಿದ್ದವೆಂದು 1966ರಲ್ಲಿ ದಾಖಲಾಗಿದೆ. ಈ ವರ್ಷದ ಮರಿಗಳು ಮೊದಲ ಚಳಿಗಾಲವನ್ನು ಅಮ್ಮನ ಜೊತೆಯೇ ಕಳೆಯುತ್ತವೆ. ಕಾಡಿನಲ್ಲಿ ಇವುಗಳ ಸರಾಸರಿ ಆಯುಸ್ಸು ಎರಡು ಮೂರು ವರ್ಷ ಅಷ್ಟೇ. ಬೋನಿನಲ್ಲಿ 20 ವರ್ಷದವರೆಗೂ ಬದುಕಿದ್ದಿದೆ. ರೋಗ, ಕಾರು, ಹಸಿವು, ಇಷ್ಟನ್ನು ದಾಟಿ ಬಂದ ತಾಯಿ ನಿಮ್ಮ ಡೆಕ್ ಕೆಳಗಿದೆ.

ಈಗ ಓಡಿಸಬೇಡಿ. ಇನ್ನು ಎಂಟು ಹತ್ತು ವಾರ ಇರಲಿ ಬಿಡಿ. ತಾಯಿಗೆ ಒಂದಕ್ಕಿಂತ ಹೆಚ್ಚು ಗೂಡು ಗೊತ್ತಿರುತ್ತವೆ. ಬೇಡ ಅನಿಸಿದರೆ ತಾನೇ ಬಾಯಲ್ಲಿ ಒಂದೊಂದೇ ಮರಿ ಕಚ್ಚಿಕೊಂಡು ಮನೆ ಬದಲಿಸುತ್ತದೆ. ನಾಯಿ ಇದ್ದರೆ ಹಗ್ಗ ಹಾಕಿಯೇ ಹಿತ್ತಲಿಗೆ ಬಿಡಿ. ಆಗಸ್ಟ್ ಕೊನೆಗೆ ಗೂಡಿನ ಬಾಯಿಗೆ ಹಳೇ ಪೇಪರ್ ಮುದ್ದೆ ಮಾಡಿ ಸಡಿಲವಾಗಿ ತುರುಕಿ. ಮಳೆಯಿಲ್ಲದ ಮೂರು ರಾತ್ರಿ ಕಳೆದರೂ ಅದು ಅಲುಗಾಡದಿದ್ದರೆ ಒಳಗೆ ಯಾರೂ ಇಲ್ಲ. ಆಮೇಲೆ ಡೆಕ್ ಸುತ್ತ ಒಂದಡಿ ಆಳ ಅಗೆದು ಗಟ್ಟಿ ತಂತಿಬಲೆ ಇಳಿಸಿ. ಬಲೆಯ ತುದಿಯನ್ನು ಹೊರಕ್ಕೆ ಮಡಚಿ ಮಣ್ಣು ಮುಚ್ಚಿ. ಚಿಮಣಿಗೂ ಒಂದು ಜಾಲರಿ ಹಾಕಿಸಿ, ಅದು ಇವುಗಳ ಕಣ್ಣಿಗೆ ಪೊಟರೆಯಿರುವ ಮರವೇ.

ಅಲ್ಲಿಯವರೆಗೆ ಒಂಬತ್ತೂವರೆ ಹೊತ್ತಿಗೆ ಅಡುಗೆಮನೆಯ ದೀಪ ಆರಿಸಿ, ಅಮ್ಮನಿಗೂ ಮಗಳಿಗೂ ಕಿಟಕಿ ಹತ್ತಿರ ಎರಡು ಕುರ್ಚಿ ಹಾಕಿ. ಮರಿ ಎಷ್ಟಿವೆ ಅಂತ ಎಣಿಸಿ ನನಗೆ ಬರೆಯಲಿ.